ಅಂಕಿತ ಬರುವ ತನಕ

ಟಕ್. ಹರಿಹರದ ಅಣ್ಣನ ಕೋಣೆಯಲ್ಲಿ ನಾನು ಹಾಡಿಗಿಂತ ಹೆಚ್ಚಾಗಿ ಕೇಳಿದ್ದು ಈ ಸ್ವಿಚ್ಚಿನ ಸದ್ದನ್ನೇ. ಇವತ್ತು ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಸೊಸೆ ಧೂಳು ಒರೆಸುತ್ತಾ ಅಣ್ಣ ಕೊಟ್ಟ ಡಬ್ಬಿಯ ಆ ಸ್ವಿಚ್ಚನ್ನು ಒತ್ತಿಬಿಟ್ಟಳು. “ಅತ್ತೆ, ಈ ಡಬ್ಬಿ ಇದ್ರೆ ಹಾಡು ನಿಜವಾಗ್ಲೂ ಚಲೋ ಕೇಳ್ತೈತೇನ್ರಿ?” ಎಂದಳು. ಆನೆಸ್ಟ್ಲಿ, ಇದೇ ಪ್ರಶ್ನೆಗೆ ನಾನು ವರ್ಷಗಟ್ಟಲೆ ಸುಳ್ಳು ಹೇಳಿದವಳು.

ಅಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ರಿಟೈರ್ ಆದವನು. ಆ ಗದ್ದಲಕ್ಕೆ ಕಿವಿ ಸ್ವಲ್ಪ ಮಂದವಾಗಿತ್ತು. ಆದರೂ ಮೊಬೈಲಿನ ಹಾಡನ್ನು ತಿಳಿಯಾಗಿಸುತ್ತವೆ ಎನ್ನುವ ಡಿಜಿಟಲ್ ಡಬ್ಬಿಗಳನ್ನು ಒಂದಾದ ಮೇಲೊಂದು ತರಿಸುತ್ತಿದ್ದ. ಅವು ಪಾಸೋ ಫೇಲೋ ಹೇಳಬೇಕಾದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ ಹತ್ತಿರ ಪಿಯಾನೊ ಕಲಿತ ಕಿವಿಯಲ್ಲವೇ? ಕಲಿತದ್ದು ಎರಡೇ ಟ್ಯೂನ್ ಎಂಬುದನ್ನು ನಾನು ಅವನಿಗೆ ಹೇಳಿರಲಿಲ್ಲ.

ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಹೋಗಿ, ಅವನೆದುರು ಕಣ್ಣು ಮುಚ್ಚಿ ಕೂರುತ್ತಿದ್ದೆ. ಯಾವಾಗಲೂ ಅದೇ ವಚನ, ಅದರ ಮೊದಲ ಸಾಲು. ಟಕ್. ಡಬ್ಬಿಯ ಮೂಲಕ ಮತ್ತೆ ಅದೇ ಸಾಲು. ನನಗೆ ಎರಡೂ ಒಂದೇ. “ಎರಡನೇದು ಕ್ಲಿಯರ್” ಅನ್ನುತ್ತಿದ್ದೆ. ಅವನ ಮುಖ ಅರಳುವುದನ್ನು ನೋಡಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ.

ಹೋದ ವರ್ಷ ಒಂದು ಭಾನುವಾರ ನಾನು ಹಾಗೆ ಹೇಳಿದರೂ ಅವನ ಮುಖ ಅರಳಲಿಲ್ಲ. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ, “ನಿಂಗೆ ಕೇಳೋದು ನಂಗ್ಯಾಕ ಕೇಳ್ತಿಲ್ಲ? ನನ್ ಕಿವಿ ಪೂರ್ತಿ ಹೋತು ಕಾಣ್ತೈತೆ” ಅಂದ. ಅವನ ಸಂತೋಷಕ್ಕೆಂದು ಹೇಳಿದ ಸುಳ್ಳು ಅವನನ್ನು ಕಿವುಡನನ್ನಾಗಿ ಮಾಡಿತ್ತು, ಅದೂ ಅವನದೇ ದೃಷ್ಟಿಯಲ್ಲಿ.

“ಅಣ್ಣ, ನಂಗೂ ಕೇಳ್ಸಿಲ್ಲ. ಒಂದು ದಿನಾನೂ ಕೇಳ್ಸಿಲ್ಲ.”

ಅವನು ಸ್ವಿಚ್ಚಿನಿಂದ ಬೆರಳು ತೆಗೆದ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ. “ಏನ್ ಕಾನ್ವೆಂಟ್ ಮೇಡಂ, ನಿಮ್ ಸಿಸ್ಟರ್ ಇದನ್ನೇ ಕಲಿಸಿದ್ರೇನು? ಹಂಗಾದ್ರೆ ನನ್ ಕಿವಿ ಅಷ್ಟೇನ್ ಕೆಟ್ಟಿಲ್ಲ ಬಿಡು. ಈ ಡಬ್ಬಿ ನೀನೇ ಒಯ್ಯಿ.”

ಡಬ್ಬಿಯನ್ನು ಬಿಚ್ಚಿ ನನ್ನ ಬ್ಯಾಗಿಗೆ ಹಾಕಿ, ಹಳೇ ಸ್ಪೀಕರಿನಲ್ಲಿ ಅದೇ ವಚನ ಹಚ್ಚಿದ. ಈ ಸಲ ನಡುವೆ ನಿಲ್ಲಿಸಲಿಲ್ಲ. ಇಷ್ಟು ವರ್ಷ ಮೊದಲ ಸಾಲಲ್ಲೇ ಕೂತಿದ್ದ ನಾವಿಬ್ಬರೂ ಅವತ್ತು ಮೊದಲ ಸಲ ಕೊನೆಯ ಸಾಲಿನ ಅಂಕಿತದವರೆಗೆ ಹೋದೆವು.

ಸೊಸೆಗೆ, “ನಂಗಂತೂ ಗೊತ್ತಾಗ್ಲಿಲ್ಲಮ್ಮ. ಕೂತ್ಕೋ, ಪೂರ್ತಿ ಕೇಳೋಣ” ಎಂದೆ. ವಚನ ಹಾಕಿ ಅವಳ ಪಕ್ಕ ಕೂತೆ. ಹಾಡು ಮುಂದುವರಿದಂತೆ ಈಗಿಲ್ಲದ ಅಣ್ಣನನ್ನು ಆ ಭಾನುವಾರ ಹೊರಡುವಾಗ ಕಡೆಯ ಸಲ ನೋಡಿದ್ದು ಕಣ್ಣಿಗೆ ಬಂತು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಅವನು ಅದೇ ವಚನವನ್ನು ಮತ್ತೆ ಮೊದಲಿಂದ ಹಚ್ಚಿಕೊಂಡು ಕೂತಿದ್ದ. “ಬರ್ತೀನಣ್ಣ” ಅಂದೆ. ಮುಚ್ಚಿದ ಕಣ್ಣು ತೆರೆಯದೆ, ತಡಿ ಎಂಬಂತೆ ಒಂದು ಬೆರಳೆತ್ತಿದ. ಅಂಕಿತ ಇನ್ನೂ ಬಂದಿರಲಿಲ್ಲ.