ಬಾಯಿ ತುಂಬ ಗಾಳಿ

ರೊನೆಟಾ ಗೇನ್ಸ್ ಗ್ರ್ಯಾಂಡ್ ರಿವರ್ ರಸ್ತೆಯಲ್ಲಿ ಸಿಟಿ ಬಸ್ಸು ಓಡಿಸುವವಳು. ಕುಡುಕರನ್ನು ಇಳಿಸುವುದು, ಹಿಂದಿನ ಬಾಗಿಲಿಂದ ಪುಕ್ಕಟೆ ನುಗ್ಗುವ ಪಡ್ಡೆಗಳನ್ನು ಊರಿಗೆಲ್ಲ ಕೇಳುವಂತೆ ಬೈಯುವುದು, ಹಿಮ ಬಿದ್ದ ಬೆಳಿಗ್ಗೆ ಮುದುಕಿಯರಿಗಾಗಿ ಸ್ಟಾಪಿಲ್ಲದ ಕಡೆಯೂ ನಿಲ್ಲಿಸುವುದು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಡೆಟ್ರಾಯಿಟಿನ ಪಶ್ಚಿಮ ಭಾಗದಲ್ಲಿ ಹುಟ್ಟಿ ಬೆಳೆದವಳು, ಹೆದರುವ ಹೆಂಗಸಲ್ಲ. ಆ ವಸಂತದಲ್ಲಿ ಮಾತ್ರ ಸ್ಟೀರಿಂಗ್ ಹಿಡಿದು ಕೂತರೆ ಸ್ಟಾಪು ಬಂದದ್ದೂ ಮರೆತು ದಾಟಿ ಹೋಗಿಬಿಡುತ್ತಿದ್ದಳು.

ಕಾರಣ ಎಂಟು ವರ್ಷದ ಮಗಳು ಕೆಜಾಯ. ಅವಳು ಮುಂದಿನ ವರ್ಷವೂ ಅದೇ ಚಾರ್ಟರ್ ಶಾಲೆಯಲ್ಲಿ ಇರುತ್ತಾಳೋ ಬಿಡುತ್ತಾಳೋ ಎಂಬುದನ್ನು ಈಸ್ಟರ್ ಕಳೆದ ಮಂಗಳವಾರದೊಳಗೆ ಶಾಲೆಗೆ ತಿಳಿಸಬೇಕಿತ್ತು. ಬಿಟ್ಟರೆ ಆ ಜಾಗ ಕಾದು ನಿಂತ ಇನ್ಯಾರದೋ ಮಗುವಿಗೆ. ಅಕ್ಕ ಅಲ್ಲಿದ್ದರೆ ತಮ್ಮ ಮೈಕಾನಿಗೂ ಸೀಟು ಗ್ಯಾರಂಟಿ, ಅಕ್ಕ ಬಿಟ್ಟರೆ ಅವನದೂ ಹೋಯಿತು. ಒಮ್ಮೆ ಹೊರಗೆ ಬಂದವರು ಮತ್ತೆ ಒಳಗೆ ಹೋದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಸರ್ಕಾರದ ದುಡ್ಡು, ಖಾಸಗಿಯವರ ಕಾರುಬಾರು. ಅಂಥ ಶಾಲೆ ಅದು. ಸೀಟಿಗೆ ಚೀಟಿ ಎತ್ತುತ್ತಾರೆ. ಮಗಳ ಹೆಸರು ಬಂದ ದಿನ ರೊನೆಟಾ ಬಸ್ ಡಿಪೋದಲ್ಲಿ ಕುಣಿದಿದ್ದಳು. ಅವಳ ತಾಯಿ ಓಜೆಲ್ಲಾ ಮಾತ್ರ ಒಂದು ತಿಂಗಳು ರೊನೆಟಾಳ ಮುಖ ನೋಡಲಿಲ್ಲ.

ಓಜೆಲ್ಲಾಳ ಸಿಟ್ಟಿಗೆ ಬೇರು ಇತ್ತು. ರೊನೆಟಾ ಹೈಸ್ಕೂಲಿನಲ್ಲಿದ್ದಾಗ ಅವಳು ಓದುತ್ತಿದ್ದ ಸರ್ಕಾರಿ ಶಾಲೆಯನ್ನು ಮುಚ್ಚಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮುಷ್ಕರ ಮಾಡಿ ಪಳಗಿದ್ದ ಓಜೆಲ್ಲಾ ಬೀದಿಯ ತಾಯಂದಿರನ್ನೆಲ್ಲ ಎಬ್ಬಿಸಿ ಶಾಲೆಯ ಮೆಟ್ಟಿಲ ಮೇಲೆ ಕೂರಿಸಿದಳು. ತಾಯಿ ಮಗಳು ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಟಿವಿಯವರು ಬಂದರು, ಹೋದರು. ಶಾಲೆಗೆ ಬೀಗ ಬಿತ್ತು, ಅದರ ದುಡ್ಡು ಇಂಥ ಚಾರ್ಟರ್ ಶಾಲೆಗಳ ಪಾಲಾಯಿತು. ಕಳ್ಳರು ಗೋಡೆ ಒಡೆದು ತಾಮ್ರದ ತಂತಿ ಕಿತ್ತುಕೊಂಡು ಹೋದರು. ರೊನೆಟಾ ಇನ್ನೆಲ್ಲೋ ಸೇರಿ ಹೇಗೋ ಪಾಸಾದಳು. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡೇ ಓದುವ ರೂಢಿ ಅವಳನ್ನು ಇವತ್ತಿಗೂ ಬಿಟ್ಟಿಲ್ಲ. ಬಸ್ ಡ್ರೈವರ್ ಪರೀಕ್ಷೆಯಲ್ಲಿ ಫೇಲಾಗುತ್ತಲೇ ಇದ್ದಳು. ಕೊನೆಗೆ ಗಂಡ ಕಾರ್ಡೆಲ್ ಆ ಪುಸ್ತಕವನ್ನು ಪೂರ್ತಿ ಗಟ್ಟಿಯಾಗಿ ಓದಿ ಹೇಳಿದ, ಇವಳು ಕೇಳಿಸಿಕೊಂಡೇ ಬಾಯಿಪಾಠ ಮಾಡಿ ಪಾಸಾದಳು. ಆ ಅವಮಾನ ಅವಳಿಗೆ ಗೊತ್ತು. ಮಗಳಿಗೆ ಅದು ಬರಬಾರದು, ಅಷ್ಟೇ ಅವಳ ಹಟ.

ಆ ವಿಷಯದಲ್ಲಿ ಶಾಲೆ ಮೋಸ ಮಾಡಲಿಲ್ಲ. ಕೆಜಾಯ ನಿರರ್ಗಳವಾಗಿ ಓದುತ್ತಿದ್ದಳು. ಮೋಸ ಇನ್ನೆಲ್ಲಿಂದಲೋ ಬಂತು.

ಆ ಶಾಲೆಯ ಮೊಗಸಾಲೆಯಲ್ಲಿ ಮಕ್ಕಳು ಗೆರೆಯ ಮೇಲೆ ನಡೆಯಬೇಕು. ಮಾತಾಡಬಾರದು. ಮಾತು ಬಾರದಿರಲಿ ಎಂದು ಬಾಯಲ್ಲಿ ಗಾಳಿ ತುಂಬಿಕೊಂಡು ಕೆನ್ನೆ ಉಬ್ಬಿಸಿಕೊಂಡು ಹೋಗಬೇಕು. ಕ್ಲಾಸಿನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಪಿಟಕ್ಕೆಂದರೆ ಮಾತಾಡುವವರು ನಿಲ್ಲಿಸಬೇಕು, ಪೂರ್ತಿ ನಿಶ್ಶಬ್ದ ಆಗುವ ತನಕ ಕಾಯಬೇಕು. ತಪ್ಪಿದರೆ ಅಂಕ ಕಳೆಯುತ್ತಾರೆ. ಕೆಜಾಯಳ ಅಂಕ ಎಂದೂ ಕಳೆದಿರಲಿಲ್ಲ. ಮನೆಯಲ್ಲೂ ಅವಳು ಬಚ್ಚಲಿಗೆ ಹೋಗುವಾಗ ಕೆನ್ನೆ ಉಬ್ಬಿಸಿಕೊಂಡೇ ಹೋಗತೊಡಗಿದಳು. ಮೈಕಾ ಹಿಂದಿನಿಂದ ಬಂದು ಕೆನ್ನೆಗೆ ಬೆರಳು ಚುಚ್ಚುವನು, ಪುಸ್ ಎಂದು ಗಾಳಿ ಹೋಗುವುದು. ಮೊದಮೊದಲು ಎಲ್ಲರೂ ನಕ್ಕರು.

"ಹೆಂಗಿದೆ ನಿನ್ನ ಪೊಲೀಸ್ ಸ್ಕೂಲು?" ಎಂದಳು ಓಜೆಲ್ಲಾ ಒಂದು ಸಂಜೆ, ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತ.

"ಓದೋಕೆ ಕಲಿಸ್ತಿದ್ದಾರಮ್ಮ," ಎಂದಳು ರೊನೆಟಾ.

"ಜೈಲಲ್ಲೂ ಕಲಿಸ್ತಾರೆ. ನಿನ್ನ ಸೋದರಮಾವ ಬೈಬಲ್ ಓದೋಕೆ ಕಲಿತಿದ್ದು ಅಲ್ಲೇ ಕಣೇ."

"ನೀನು ಕೂಗಿ ಕೂಗಿ ನಂಗೇನು ಸಿಕ್ತು? ಬೀಗ ಹಾಕಿದ ಬಿಲ್ಡಿಂಗು. ಈ ಎರಡು ಬೀದಿ ಆಚೆಗಿರೋ ಸರ್ಕಾರಿ ಶಾಲೆಗೆ ಹಾಕ್ಲಾ? ಅಲ್ಲಿ ಅವಳು ಹೋಗ್ಬೇಕಾದ ನಾಲ್ಕನೇ ಕ್ಲಾಸಿಗೆ ವರ್ಷಪೂರ್ತಿ ಟೀಚರ್ರೇ ಇಲ್ಲ. ವಾರಕ್ಕೊಬ್ರು ಬರ್ತಾರೆ, ಸಿನಿಮಾ ತೋರಿಸಿ ಹೋಗ್ತಾರೆ."

"ಮನೆ ಅಂದ್ಮೇಲೆ ಗಲಾಟೆ ಇರ್ಬೇಕು. ಈ ಮಗು ಹೊಕ್ಕಿದ್ದು ಗೊತ್ತಾಗಲ್ಲ, ಹೋಗಿದ್ದು ಗೊತ್ತಾಗಲ್ಲ. ದೆವ್ವ ಸಾಕಿದೀಯ."

ಗಾಡಿಗಳ ಆಕ್ಸಲ್ ಮಾಡುವ ಕಾರ್ಖಾನೆಯ ರಾತ್ರಿ ಪಾಳಿಗೆ ಹೊರಟಿದ್ದ ಕಾರ್ಡೆಲ್ ಬೂಟು ಬಿಗಿಯುತ್ತಿದ್ದವನು ತಲೆ ಎತ್ತಿದ. "ಅತ್ತೆ, ನನ್ನ ಮಗಳು ಯೂನಿಯನ್ ಒಪ್ಪಂದ ಓದಿ ನಂಗೆ ಅರ್ಥ ಹೇಳ್ತಾಳೆ. ಎಂಟು ವರ್ಷ ಅವಳಿಗೆ. ನಮ್ಮ ಲೀಡರಿಗೇ ಅದು ಬರಲ್ಲ. ದೆವ್ವನೋ ದೇವ್ರೋ, ಅಲ್ಲೇ ಇರ್ಲಿ."

"ನಿಮ್ಮ ಲೀಡರಿಗೆ ಬರದೇ ಇರೋದು ಬಹಳ ಇದೆ ಬಿಡಪ್ಪ," ಎಂದಳು ಅತ್ತೆ.

ಅಂದು ಎಲ್ಲರೂ ನಕ್ಕು ಮಾತು ಅಲ್ಲಿಗೇ ನಿಂತಿತು. ರೊನೆಟಾ ಮರುದಿನವೂ ಒಂದು ಸ್ಟಾಪು ದಾಟಿ ಹೋದಳು.

ಈಸ್ಟರ್ ಭಾನುವಾರ ಅವರ ಚರ್ಚಿನಲ್ಲಿ ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿಕೊಂಡು ಒಬ್ಬೊಬ್ಬರಾಗಿ ಮುಂದೆ ಬಂದು ಏಸು ಗೋರಿಯಿಂದ ಎದ್ದು ಬಂದದ್ದರ ಪುಟ್ಟ ಪದ್ಯ ಹೇಳುತ್ತಾರೆ. ನೆಟ್ಟಗೆ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ಮರೆತು ನಿಂತರೆ ಇನ್ನೂ ಜಾಸ್ತಿ ಪ್ರೀತಿ ತೋರಿಸುತ್ತಾರೆ. ಅಲ್ಲಿ ಸುಮ್ಮನೆ ಕೂತು ಕೇಳುವ ಪದ್ಧತಿಯೇ ಇಲ್ಲ. ಪಾದ್ರಿಯ ಪ್ರತಿ ಮಾತಿಗೂ ಜನ ಎದುರು ದನಿ ಕೂಗುತ್ತಾರೆ. ಕೂಗದಿದ್ದರೆ ಪಾದ್ರಿಯೇ "ಸತ್ತಿದ್ದೀರೇನ್ರಪ್ಪಾ?" ಎಂದು ಕೇಳುತ್ತಾನೆ.

ನಿಂಬೆಬಣ್ಣದ ಲಂಗ ತೊಟ್ಟ ಕೆಜಾಯ ಮುಂದೆ ಬಂದು ಕೈ ಕಟ್ಟಿ ನಿಂತಳು.

"ಬೆಳಕು ಹರಿಯಿತು, ಕಲ್ಲು ಉರುಳಿತು..."

"ಹೇಳು ಮಗಾ!" ಎಂದು ಹಿಂದಿನಿಂದ ಚರ್ಚಿನವರೆಲ್ಲ ಸಿಸ್ಟರ್ ಎನ್ನುವ ಪರ್ಲೀನ್ ಕೂಗಿದಳು. ದೊಡ್ಡ ಟೋಪಿಯ, ದೊಡ್ಡ ಗಂಟಲಿನ ಹೆಂಗಸು.

ಕೆಜಾಯ ನಿಲ್ಲಿಸಿದಳು. ಬಾಯಿ ಮುಚ್ಚಿದಳು. ಕೆನ್ನೆ ಉಬ್ಬಿತು.

ಮಗು ಮರೆತಿದೆ ಎಂದುಕೊಂಡರು ಜನ. "ಪರವಾಗಿಲ್ಲ ಕಂದಾ!" "ನಿಧಾನಕ್ಕೆ ಹೇಳು!" "ದೇವ್ರಿದ್ದಾನೆ, ಹೇಳಮ್ಮ!" ಎಲ್ಲ ಕಡೆಯಿಂದ ಧೈರ್ಯದ ಮಾತು. ಒಂದೊಂದು ಮಾತು ಬಂದಾಗಲೂ ಕೆಜಾಯ ಇನ್ನಷ್ಟು ನೆಟ್ಟಗೆ ನಿಂತಳು, ತುಟಿ ಇನ್ನಷ್ಟು ಬಿಗಿಯಿತು. ಅವಳಿಗೆ ಏನೂ ಮರೆತಿರಲಿಲ್ಲ. ಜನ ಸುಮ್ಮನಾಗಲಿ ಎಂದು ಕಾಯುತ್ತಿದ್ದಳು. ಅವಳು ಕಾದಷ್ಟೂ ಜನ ಕೂಗಿದರು, ಜನ ಕೂಗಿದಷ್ಟೂ ಅವಳು ಕಾದಳು. ಮುದುಕರೊಬ್ಬರು ಅತ್ತೇಬಿಟ್ಟರು. ಆರ್ಗನ್ ನುಡಿಸುವವನು ಮಗುವಿಗೆ ಸಹಾಯ ಆಗಲಿ ಎಂದು ಮೆಲ್ಲಗೆ ಒಂದು ರಾಗ ಎತ್ತಿದ. ಮುಗಿಯಿತು. ಅದಾದ ಮೇಲೆ ಅವಳು ಬಾಯಿ ಬಿಡಲೇ ಇಲ್ಲ. ಇಡೀ ಚರ್ಚು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಾಗ ಗೆರೆಯ ಮೇಲೆ ನಡೆದಂತೆ ನಡೆದು ಬಂದು ಅಮ್ಮನ ಪಕ್ಕ ಕೂತಳು.

"ಅವರ್ಯಾಕಮ್ಮ ಸುಮ್ನಿರಲ್ಲ?" ಎಂದು ಕಿವಿಯಲ್ಲಿ ಕೇಳಿದಳು.

ಮನೆಗೆ ಬಂದರೆ ಊಟಕ್ಕೆ ಹ್ಯಾಮ್, ಸೊಪ್ಪು, ಚೀಸು ಸುರಿದ ಮ್ಯಾಕರೋನಿ, ಸಿಹಿಗೆಣಸಿನ ಪೈ ಎಲ್ಲ ಇತ್ತು. ಕಾರ್ಡೆಲ್‌ಗೆ ಮಗಳು ಸೋತ ಹಾಗೆ ಕಂಡದ್ದು ಸಹಿಸಲಾಗಲಿಲ್ಲ. "ಯಾರೂ ಉಸಿರೆತ್ತಬೇಡಿ. ಮೈಕಾ, ಚಮಚ ಕೆಳಗಿಡು. ಹೇಳು ಪುಟ್ಟಾ," ಎಂದ.

ಅವರೆಲ್ಲ ಬಾಯಿ ಮುಚ್ಚಿ ಕೂತರು. ಕೆಜಾಯ ಕುರ್ಚಿಯ ಹಿಂದೆ ನಿಂತು ಇಡೀ ಪದ್ಯ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಎಲ್ಲರಿಗಿಂತ ಮೊದಲು ಹೆಂಗಸರು ಗೋರಿಯಿಂದ ಓಡಿ ಬಂದರು, ಕಂಡದ್ದನ್ನು ಊರಿಗೆಲ್ಲ ಹೇಳಿದರು ಎಂಬ ಸಾಲೂ ಅದರಲ್ಲಿತ್ತು. ಮುಗಿದ ಮೇಲೂ ಯಾರೂ ಕದಲಲಿಲ್ಲ, ಕದಲಬಹುದೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

"ಈಗ ನೀವು ಮಾತಾಡಬಹುದು," ಎಂದಳು ಕೆಜಾಯ.

ಓಜೆಲ್ಲಾ ತಟ್ಟೆ ಸರಿಸಿ ಸಿಗರೇಟು ಹಿಡಿದು ಹಿತ್ತಲ ಮೆಟ್ಟಿಲಿಗೆ ಹೋದಳು. ರೊನೆಟಾ ಹಿಂದೆಯೇ ಹೋದಳು, ಬೈಸಿಕೊಳ್ಳಲು ತಯಾರಾಗಿ.

"ಹೇಳಮ್ಮ. ನಾನು ಹೇಳಿರಲಿಲ್ವಾ ಅಂತ ಹೇಳಿಬಿಡು, ಕೇಳ್ತೀನಿ."

ಓಜೆಲ್ಲಾ ಸಿಗರೇಟಿನ ಬೂದಿ ಕೊಡವಿದಳು. "ನನ್ನ ಜಗಳ ಬೇರೆ ಕಣೇ. ನಿನ್ನ ಶಾಲೆ ಮುಚ್ಚಿದೋರ ಮೇಲಿನ ಸಿಟ್ಟು ಅದು. ಸಿಟ್ಟು ಮಕ್ಕಳಿಗೆ ಓದು ಕಲಿಸಲ್ಲ. ನಾನು ಹೇಳ್ದೆ ಅಂತ ಬಿಡಿಸ್ಬೇಡ. ಆಮೇಲೆ ಆ ಹುಡುಗಿ ದಡ್ಡಿ ಆದ್ರೆ ನನ್ನ ಗೋರಿ ಮೇಲೆ ಉಗೀತೀಯ."

ಬೈಗುಳವಾಗಿದ್ದರೆ ರೊನೆಟಾ ಎದುರು ಜವಾಬು ಕೊಟ್ಟು ಹಗುರಾಗುತ್ತಿದ್ದಳು. ಇದರಿಂದ ಇನ್ನೂ ಹೆದರಿದಳು. ಕಾರ್ಡೆಲ್ ಕೂಡ ತೀರ್ಮಾನವನ್ನು ಅವಳ ತಲೆಗೇ ಕಟ್ಟಿದ. "ನೀನೇ ಹೋಗಿ ನೋಡು. ಏನು ತೋಚುತ್ತೋ ಮಾಡು. ಆದ್ರೆ ಬಿಡಿಸಿ ಬಂದು ನನ್ನ ಮುಂದೆ ಅಳ್ಬೇಡ. ನಾನಂತೂ ಇರ್ಲಿ ಅಂತೀನಿ."

ಮಂಗಳವಾರ ಪಾಳಿ ಬದಲಿಸಿಕೊಂಡು, ಸಮವಸ್ತ್ರದಲ್ಲೇ ಶಾಲೆಗೆ ಹೋದಳು. ಇರಲಿ ಎನ್ನಬೇಕೆಂದೇ ಅರ್ಧ ಮನಸ್ಸು ಮಾಡಿದ್ದಳು. ಶಿಸ್ತು ನೋಡಿಕೊಳ್ಳುವ ಹ್ಯಾಲೊರನ್ ಎಂಬ ಎಳೆಯ ಮೇಷ್ಟರು ಎದ್ದು ನಿಂತು ಕೈ ಕುಲುಕಿದರು. ಒಳ್ಳೆಯ ಮನುಷ್ಯ, ಪ್ರತಿ ಮಗುವಿನ ಹೆಸರು ಬಲ್ಲವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು.

"ಕೆಜಾಯ ನಮ್ಮ ಹೆಮ್ಮೆ, ಮಿಸೆಸ್ ಗೇನ್ಸ್. ಓದಿನಲ್ಲಿ ಐದನೇ ಕ್ಲಾಸಿನ ಮಕ್ಕಳ ಸಮ ಇದ್ದಾಳೆ."

"ಅದಕ್ಕೆ ನಿಮಗೆ ಕೈ ಮುಗೀತೀನಿ ಸರ್. ಒಂದು ಕೇಳ್ಬೇಕಿತ್ತು. ಅವಳು ಈ ವರ್ಷ ಏನಾದ್ರೂ ಪ್ರಶ್ನೆ ಕೇಳಿದ್ದಾಳಾ? ತಾನಾಗೇ? ಯಾಕೆ ಹಿಂಗೆ, ಯಾಕೆ ಹಂಗಲ್ಲ ಅಂತ?"

ಮೇಷ್ಟರು ಪ್ರಾಮಾಣಿಕವಾಗಿಯೇ ಯೋಚಿಸಿದರು. ಆಮೇಲೆ ನಕ್ಕರು. "ಇಲ್ಲ ಇಲ್ಲ. ಅವಳಿಂದ ಒಂದು ದಿನವೂ ತೊಂದರೆ ಆಗಿಲ್ಲ."

ಪ್ರಶ್ನೆಯನ್ನೇ ತೊಂದರೆ ಎಂದೆಣಿಸಿದ ಆ ಉತ್ತರ ರೊನೆಟಾಳ ಎದೆಗೆ ತಾಕಿದ್ದು ಅವರಿಗೆ ತಿಳಿಯಲಿಲ್ಲ. ಹೊಗಳಿದೆ ಎಂದೇ ಅವರು ತಿಳಿದಿದ್ದರು.

"ಹಂಗಾದ್ರೆ ಮುಂದಿನ ವರ್ಷ ಬರಲ್ಲ," ಎಂದಳು. ಧ್ವನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ.

"ತಮ್ಮನ ಸೀಟೂ ಹೋಗುತ್ತೆ. ನಿಮಗೆ ಗೊತ್ತಿದೆ ತಾನೆ?"

"ಗೊತ್ತು ಸರ್."

"ಇನ್ನೊಮ್ಮೆ ಮನೆಯಲ್ಲಿ ಮಾತಾಡಿ..."

"ಅವಳು ಮನೇಲಿ ಮಾತಾಡ್ಲಿ ಅಂತ್ಲೇ ಬಿಡಿಸ್ತಿರೋದು," ಎಂದು ಎದ್ದಳು.

ಸಂಜೆ ಮಗಳನ್ನು ಕಾರಿಗೆ ಹತ್ತಿಸಿಕೊಂಡು ಎರಡು ತಿರುವು ದಾಟಿದ ಮೇಲೆ ವಿಷಯ ಹೇಳಿದಳು. ಕೆಜಾಯ ಅಮ್ಮನತ್ತ ತಿರುಗಿದಳು.

"ನಾನೇನು ತಪ್ಪು ಮಾಡ್ದೆ?"

"ಏನೂ ಇಲ್ಲ ಚಿನ್ನ."

"ಹಂಗಿದ್ರೆ ಯಾಕೆ? ನನ್ನ ಅಂಕ ಒಂದೂ ಹೋಗಿಲ್ಲ! ಒಂದೂ!" ಧ್ವನಿ ಏರಿತು. "ನನ್ನ ಫ್ರೆಂಡ್ಸ್ ಅಲ್ಲಿದ್ದಾರೆ! ನನ್ನ ಲೈಬ್ರರಿ ಪುಸ್ತಕ ಅಲ್ಲಿದೆ! ನೀನು ನನ್ನ ಕೇಳ್ಲೇ ಇಲ್ಲ! ಯಾರೂ ನನ್ನ ಕೇಳ್ಲಿಲ್ಲ! ನೀನು ಕೆಟ್ಟ ಅಮ್ಮ! ಅಪ್ಪಂಗೆ ಹೇಳ್ತೀನಿ!"

ಸೀಟಿಗೆ ಕಾಲಲ್ಲಿ ಒದೆಯುತ್ತ ಅರಚತೊಡಗಿದಳು. ಪಕ್ಕದ ಕಾರಿನವನು ತಿರುಗಿ ನೋಡಿದ. ಎದುರು ಮಾತಾಡಿದರೆ ಕಪಾಳಕ್ಕೆ ಬೀಳುವ ಮನೆಯಲ್ಲಿ ಬೆಳೆದವಳು ರೊನೆಟಾ. ಕೈ ಸ್ಟೀರಿಂಗ್ ಬಿಡಲಿಲ್ಲ. ಮಗಳು ಹೇಳಿದ್ದು ನಿಜವೇ, ಯಾರೂ ಅವಳನ್ನು ಕೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ತರಗತಿ ಶುರುವಾದಾಗ ಆ ಸರ್ಕಾರಿ ಶಾಲೆಯ ನಾಲ್ಕನೇ ಕ್ಲಾಸಿಗೆ ಟೀಚರ್ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಬಾರದಿದ್ದರೆ ಆ ಶಾಲೆಯ ಮೆಟ್ಟಿಲ ಮೇಲೆ ತಾನೇ ಹೋಗಿ ಕೂರಬೇಕು, ಅಮ್ಮನಿಗೆ ಮಂಡಿ ನೋವು.

"ಹೇಳು ಅಪ್ಪಂಗೆ," ಎಂದಳು. "ನಾನು ಹೇಳೋಕೆ ಮುಂಚೆ ನೀನೇ ಹೇಳು. ಇಷ್ಟೇ ಜೋರಾಗಿ ಹೇಳು."

"ಹೇಳೇ ಹೇಳ್ತೀನಿ!" ಎಂದು ಕಿರುಚಿದಳು ಕೆಜಾಯ.