ಎರಡು ತಟ್ಟೆಗಳ ಡಿಜೆ

ಸಂಜೆ ಏಳೂ ನಲವತ್ತಕ್ಕೆ, ಮೊದಲ ಹಾಡು ಹಾಕುವ ಮುನ್ನವೇ, ನನ್ನ ರೂಮ್‌ಮೇಟ್‌ನ ಮೊಣಕಾಲುಗಳು ನಡುಗತೊಡಗಿದವು. ಹೋಟೆಲಿನ ಹೊಸ ಕ್ಲಬ್ಬಿನಲ್ಲಿ ಅವನು ಡಿಜೆಯಾಗಿ ನಿಂತದ್ದು ಅದೇ ಮೊದಲು. ಜನ ಕುಣಿದರೆ ಪ್ರತಿ ಶನಿವಾರವೂ ಅವನದೇ. ಸ್ವಂತ ಯಂತ್ರವಿಲ್ಲದ ಅವನು ಉದಯಗಿರಿಯ ನಮ್ಮ ಕೋಣೆಯಲ್ಲಿ ಎರಡು ಊಟದ ತಟ್ಟೆಗಳನ್ನು ಬೋರಲು ಹಾಕಿ, ಬೆರಳಲ್ಲಿ ತಿರುಗಿಸುತ್ತ ಅಭ್ಯಾಸ ಮಾಡಿದ್ದ. ನಮಗಿದ್ದುದು ಅವೆರಡೇ, ಊಟಕ್ಕೆ ಬಾಳೆಲೆ. ನಾನು ಗೊಣಗಿದರೆ, "ಏನಾಯ್ತದೆ ಬುಡೋ" ಅನ್ನುತ್ತಿದ್ದ.

ಜನ ಕುಣಿದರು. ಎಷ್ಟೆಂದರೆ, ನೆಲ ಅದುರಿ, ಅವನ ಹಿಂದೆ ಆಳೆತ್ತರ ಪೇರಿಸಿದ್ದ ಸ್ಪೀಕರುಗಳು ಅವನ ಮೇಲೆಯೇ ವಾಲಿದವು. ನಾನು ಓಡಿಹೋಗಿ ಅವುಗಳನ್ನು ತಬ್ಬಿ ಹಿಡಿದೆ.

"ನಿಲ್ಸೋ, ಸತ್ತೋಯ್ತೀವಿ!"

ಅವನು ಸ್ಪೀಕರಿಗೆ ಬೆನ್ನು ಕೊಟ್ಟು, ಬೆರಳನ್ನು ಯಂತ್ರದಿಂದ ತೆಗೆಯದೆ ಕೂಗಿದ: "ನಿಲ್ಸುದ್ರೆ ಶನಿವಾರ ಹೊಂಟೋಯ್ತದೆ ಕಣೋ. ಏನಾಯ್ತದೆ ಬುಡೋ, ಗಟ್ಟಿಯಾಗಿ ಹಿಡ್ಕೊ!"

ಅವನ ಮೊಣಕಾಲು ಈಗ ನಡುಗುತ್ತಿರಲಿಲ್ಲ. ನನ್ನವು ನಡುಗುತ್ತಿದ್ದವು, ಜನ ಅದನ್ನೂ ಕುಣಿತವೆಂದುಕೊಂಡು ಶಿಳ್ಳೆ ಹೊಡೆದರು. ಹಾಡು ಮುಗಿದ ಮೇಲೆ ಹೋಟೆಲಿನವರು ಸ್ಪೀಕರುಗಳಿಗೆ ಹಗ್ಗ ಬಿಗಿದರು.

ಶನಿವಾರಗಳು ಸಿಕ್ಕವು. ಆದರೂ ಕಣ್ಣು ಮುಚ್ಚಿದರೆ ಸ್ಪೀಕರು ನನ್ನ ಮೇಲೆ ವಾಲುತ್ತಿತ್ತು. ಪಕ್ಕದ ಚಾಪೆಯಲ್ಲಿ ಅವನೂ ನಿದ್ದೆ ಬಾರದೆ ತಟ್ಟೆ ತಿರುಗಿಸುತ್ತಿದ್ದ. ಒಂದು ಭಾನುವಾರ ಅವನು, "ಇನ್ನು ಸಾಕು ಬುಡೋ" ಎಂದು ಆ ತಟ್ಟೆಗಳನ್ನು ತೊಳೆದು, ಅವುಗಳಲ್ಲೇ ಅನ್ನ ಸಾರು ಬಡಿಸಿದ. ಅಂದು ರಾತ್ರಿ ಮಲಗಿದ ಮೇಲೆ ಬೆಳಗಿನವರೆಗೂ ಇಬ್ಬರಿಗೂ ಎಚ್ಚರವಾಗಲಿಲ್ಲ.