ಎಡ ಅಂಚಿನಾಚೆ

ಪ್ರವಾಸದ ಫೋಟೋ ಹೇಗೆ ತೆಗೆಯಬೇಕು ಎಂದು ಯಾರಾದರೂ ಕೇಳಿದರೆ, ಮೊದಲು ಅಲ್ಲಿ ಕೂತವರನ್ನು ತೆಗೆಯಿರಿ, ಆಮೇಲೆ ಕಲ್ಲು ಎನ್ನುತ್ತೇನೆ. ಮೊದಲು ಹೀಗೆ ಹೇಳುತ್ತಿರಲಿಲ್ಲ. ಜನ ಬಂದರೆ ಚಿತ್ರ ಕೆಟ್ಟಿತು ಎಂಬುದು ನನ್ನ ಉಪದೇಶವಾಗಿತ್ತು.

ವರ್ಷಗಟ್ಟಲೆ ಹೊಸಪೇಟೆಯಿಂದ ಮೊದಲ ಬಸ್ಸು ಹಿಡಿದು ಹಂಪಿ ಬಜಾರಿಗೆ ಹೋಗಿ, ಒಂದು ನರಪಿಳ್ಳೆಯೂ ಇಲ್ಲದ ಕಲ್ಲುಮಂಟಪಗಳ ಸಾಲನ್ನು ತೆಗೆಯುವ ಹುಚ್ಚು ನನಗೆ. ಅಲ್ಲಿ ಕಂಪ್ಲಿ ಕಡೆಯ ಗಂಡ ಹೆಂಡತಿ ಎಳನೀರು ಮಾರುತ್ತಿದ್ದರು. ಮೊದಲ ದಿನ ಗಂಡನಿಗೆ, "ಯಜಮಾನ್ರ, ಸ್ವಲ್ಪ ಆಕಡಿ ಸರೀರಿ" ಎಂದಿದ್ದೆ. ಆಮೇಲೆ ಹೇಳುವ ಪ್ರಮೇಯವೇ ಬರಲಿಲ್ಲ. ನನ್ನ ಕ್ಯಾಮೆರಾ ಚೀಲದ ಜಿಪ್ಪಿನ ಸದ್ದಿಗೇ ಆತ ಎದ್ದು, ತಳ್ಳುಗಾಡಿ ದೂಡಿಕೊಂಡು ಎಡಕ್ಕೆ ಹೋಗಿ ನಿಲ್ಲುತ್ತಿದ್ದ. "ಆತೇನ್ರಿ?" ಎಂದು ಕೇಳಿ ಮತ್ತೆ ಬಂದು ಕೂರುತ್ತಿದ್ದ. ಎಂಥ ಒಳ್ಳೆಯ ಮನುಷ್ಯ ಎಂದು ಮನೆಯಲ್ಲಿ ಹೊಗಳುತ್ತಿದ್ದೆ.

ಹೋದ ವರ್ಷ ಆತ ತೀರಿಕೊಂಡ. ತಿಂಗಳ ಮೇಲೆ ಹೋದಾಗ ಹೆಂಡತಿ ಒಬ್ಬಳೇ ಇದ್ದಳು.

"ಸರ, ಗ್ವಾಡಿಗೆ ಹಾಕಾಕ ಅವರ್ದು ಒಂದ್ ಫೋಟೋ ಬೇಕ್ರಿ. ಆಧಾರ್ ಕಾರ್ಡಿಂದು ದೊಡ್ಡದ್ ಮಾಡ್ಸಿದ್ರ ಮಾರಿನ ಕಾಣವಲ್ದು. ನೀವು ಭಾಳ ವರ್ಷದಿಂದ ಹೊಡ್ಯಾಕತ್ತೀರಿ, ನಿಮ್ ತಾಕ ಇದ್ದೇ ಇರ್ತೈತಿ."

ಎರಡು ದಿನ ಕಂಪ್ಯೂಟರ್ ಮುಂದೆ ಕುಳಿತು ಹುಡುಕಿದೆ. ಸಾವಿರಾರು ಚಿತ್ರ, ಒಂದರಲ್ಲೂ ಆತನ ಮುಖವಿಲ್ಲ. ಪ್ರತಿ ಚಿತ್ರದ ಎಡ ಅಂಚಿನಾಚೆ ಆತ ನಿಂತಿದ್ದಾನೆ, ನಾನು ಮುಗಿಸಲೆಂದು ಕಾಯುತ್ತಿದ್ದಾನೆ ಎಂಬುದು ಮಾತ್ರ ನನಗೆ ಗೊತ್ತು. ಹೆಮ್ಮೆಪಟ್ಟಿದ್ದ ಆ ಖಾಲಿ ಬೀದಿಗಳನ್ನು ನೋಡಲು ಹೆದರಿಕೆಯಾಯಿತು. ಕೊನೆಗೆ ಒಂದರಲ್ಲಿ ನೆಲದ ಮೇಲೆ ಬಿದ್ದ ಆತನ ನೆರಳು ಸಿಕ್ಕಿತು: ತಲೆಗೆ ಸುತ್ತಿದ ಟವೆಲ್, ಕೈಯಲ್ಲಿ ಮಚ್ಚು. ಕತ್ತರಿಸಿ ತೆಗೆಯಲು ಮರೆತಿದ್ದೆ.

ಅದನ್ನೇ ಪ್ರಿಂಟ್ ಹಾಕಿಸಿ, ನಾಚಿಕೆಪಡುತ್ತಲೇ ಕೊಟ್ಟೆ. ಆಕೆ ಬಹಳ ಹೊತ್ತು ನೋಡಿದಳು.

"ಅವ್ರೇ ಅದಾರ್ರಿ" ಎಂದು ಸೆರಗಿನಿಂದ ಒರೆಸಿ ಗಾಡಿಯ ಮೇಲೆ ಜೋಪಾನವಾಗಿ ಇಟ್ಟುಕೊಂಡಳು. ನನಗೆ ಅಳು ಬಂತು. ಈಕೆಯದಾದರೂ ಒಂದು ತೆಗೆದಿಡೋಣ ಎಂದು ಚೀಲದ ಜಿಪ್ಪು ಎಳೆದೆ.

ಸದ್ದಿಗೇ ಆಕೆ ಎದ್ದಳು. "ಬ್ಯಾಡವ್ವಾ, ಅಲ್ಲೇ ಕುಂದ್ರು, ನಿಂದೇ ತೆಗೀತೀನಿ" ಎನ್ನುವಷ್ಟರಲ್ಲಿ ಗಾಡಿ ಎಡಕ್ಕೆ ಹೋಗಿಯಾಗಿತ್ತು.

"ಆತೇನ್ರಿ?" ಎಂದು ಅಲ್ಲಿಂದಲೇ ಕೇಳಿದಳು.